ಬರೆಯನ್ನು ಓದುವುದು ಹೇಗೆ? ಕೊಡಗಿನ ಇಳಿಜಾರು ಜಾಗದವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಮನೆಯ ಹಿಂದೆ, ರಸ್ತೆ ಪಕ್ಕ ಕಡಿದಾಗಿ ನಿಂತಿರುವ ಮಣ್ಣಿನ ಗೋಡೆಗೆ ಬರೆ ಎನ್ನುತ್ತೇವೆ. ಮಳೆಗಾಲದಲ್ಲಿ ಪೇಪರಿನಲ್ಲಿ ‘ಬರೆ ಕುಸಿತ’ ಎಂದು ಬರುತ್ತದಲ್ಲ, ಅದೇ. ಜಾಗ ನೋಡಲು ಬರುವ ಭೂವಿಜ್ಞಾನಿ ಅದನ್ನು ‘ಕಟ್ ಸ್ಲೋಪ್’ ಎನ್ನುತ್ತಾರೆ. ನಮ್ಮ ಒರತೆ ಅವರಿಗೆ ‘ಸೀಪೇಜ್’. ನಮ್ಮ ಕೊಲ್ಲಿ, ಅಂದರೆ ಗುಡ್ಡದಿಂದ ಇಳಿಯುವ ಸಣ್ಣ ತೊರೆ, ಅವರ ನಕ್ಷೆಯಲ್ಲಿ ‘ಫಸ್ಟ್ ಆರ್ಡರ್ ಸ್ಟ್ರೀಮ್’. ಹೆಸರು ಬೇರೆ, ಜಾಗ ಒಂದೇ. ಆದರೆ ವರದಿ ಕೈಗೆ ಬಂದಾಗ ನಮ್ಮಲ್ಲಿ ಹೆಚ್ಚಿನವರು ಕೊನೆಯ ಸಾಲು ಮಾತ್ರ ಓದಿ, ಮಡಚಿ, ಪಹಣಿ ಇಡುವ ಕವರಿಗೆ ತುರುಕಿಬಿಡುತ್ತೇವೆ.

ನಾನು ಈ ಪದಗಳನ್ನು ಕಲಿತದ್ದು ಪೆಟ್ಟು ತಿಂದ ಮೇಲೆ. ಕಾಫಿ ಒಣಗಿಸುವ ಕಣ ಅಗಲ ಮಾಡಬೇಕೆಂದು ಒಂದು ಬೇಸಿಗೆಯಲ್ಲಿ ಜೆಸಿಬಿ ತರಿಸಿ, ಹಿಂದಿನ ಗುಡ್ಡವನ್ನು ಹನ್ನೆರಡು ಅಡಿ ನೇರವಾಗಿ ಕಡಿಸಿದೆ. ‘ಗಟ್ಟಿ ಮಣ್ಣು, ಎಂತ ಆಗುವುದಿಲ್ಲ’ ಎಂದ ಆಪರೇಟರ್. ಮಾರ್ಚ್ ತಿಂಗಳಲ್ಲಿ ಅದು ಗಟ್ಟಿಯೇ. ಮೊದಲನೇ ಮಳೆಗಾಲ ನಿಂತಿತು. ಎರಡನೇ ವರ್ಷ ಜುಲೈಯಲ್ಲಿ ಒಂದು ರಾತ್ರಿ ಬರೆ ಜಾರಿ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಮೇಲಿದ್ದ ಹಲಸಿನ ಮರ ಬೀಳದೆ, ನಿಂತುಕೊಂಡೇ ಕಣದ ನಡುವಿಗೆ ಬಂದಿತ್ತು. ಬುಡದ ಮಣ್ಣು ಸಮೇತ. ಬೇರು ಎಷ್ಟು ಮಣ್ಣನ್ನು ಹಿಡಿದಿತ್ತೋ ಅಷ್ಟನ್ನೂ ಹಿಡಿದೇ ಇತ್ತು. ಜಾರಿದ್ದು ಬೇರಿಗಿಂತ ಕೆಳಗೆ.

ಆ ಮರ ನೋಡಿದ ಮೇಲೆ ಒಂದೊಂದೇ ಪದ ಹಿಡಿದು ಗುಡ್ಡ ಹತ್ತಲು ಶುರುಮಾಡಿದೆ. ಅದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಮೊದಲು ಸಾಮಾನು

ಒಂದು ನೋಟ್‌ಬುಕ್, ಮಕ್ಕಳ ಜಾಮಿಟ್ರಿ ಬಾಕ್ಸಿನ ಕೋನಮಾಪಕ, ದಾರ, ಕಟ್ಟಲು ಸಣ್ಣ ಕಲ್ಲು, ಅಳತೆ ಟೇಪು, ನಾಲ್ಕು ಗೂಟ, ಸುತ್ತಿಗೆ, ಖಾಲಿ ಗಾಜಿನ ಬಾಟಲಿ, ಕುಡಿಯುವ ನೀರು. ಮೊಬೈಲಿನಲ್ಲಿ ದಿಕ್ಸೂಚಿ ಇದ್ದರೆ ಸಾಕು. ಮಳೆಗಾಲದಲ್ಲಿ ಹೋಗುವುದಾದರೆ ಜಿಗಣೆಗೆ ಉಪ್ಪು. ವರ್ಷದಲ್ಲಿ ಎರಡು ಸಲ ಹೋಗಬೇಕು. ಫೆಬ್ರವರಿಯಲ್ಲಿ ಒಮ್ಮೆ, ಮಣ್ಣು ಕಾಣುತ್ತದೆ. ಜುಲೈಯಲ್ಲಿ ಮಳೆ ಬಿಟ್ಟ ದಿನ ಒಮ್ಮೆ, ನೀರು ಕಾಣುತ್ತದೆ.

ಹೆಜ್ಜೆ 1: ಜಾಗ ಯಾವುದು ಎಂದು ಕಾಗದದಲ್ಲಿ ನೋಡಿ

ಕೊಡಗಿನಲ್ಲಿ ಜಮೀನಿಗೆ ಬೇರೆ ಕಡೆ ಅಷ್ಟಾಗಿ ಕೇಳದ ಹೆಸರುಗಳಿವೆ. ತಲೆಮಾರಿನಿಂದ ಬಂದ ಜಮ್ಮಾ, ಜಮ್ಮಾ ಗದ್ದೆಗೆ ಸೇರಿದ ಗುಡ್ಡದ ಜಾಗ ಬಾಣೆ, ಸರ್ಕಾರದ ಪೈಸಾರಿ, ಊರಿನ ದೇವರಕಾಡು. ದೇವರಕಾಡುಗಳೇ ಜಿಲ್ಲೆಯಲ್ಲಿ ಸಾವಿರದ ಇನ್ನೂರಕ್ಕೂ ಜಾಸ್ತಿ ಇವೆ. ಮಣ್ಣು ಕಡಿಯುವ ಮೊದಲು ಪಹಣಿ ಮತ್ತು ಸರ್ವೆ ನಕ್ಷೆ ತೆಗೆದು, ನಿಮ್ಮ ಗುಡ್ಡದ ತಲೆ ಯಾರದ್ದು, ಬುಡ ಯಾರದ್ದು ಎಂದು ನೋಡಿ. ಇಳಿಜಾರಿಗೆ ಸರ್ವೆ ನಂಬರ್ ಗೊತ್ತಿಲ್ಲ. ಮೇಲಿನವರು ಬಿಟ್ಟ ನೀರು ನಿಮ್ಮ ಬರೆಗೆ ಬರುತ್ತದೆ, ನೀವು ಕಡಿದ ಬುಡ ಅವರ ತೋಟವನ್ನು ಎಳೆಯುತ್ತದೆ.

ಹೆಜ್ಜೆ 2: ಇಳಿಜಾರು ಅಳೆಯಿರಿ

ಇದು ಸುಲಭ, ಆದರೆ ಯಾರೂ ಮಾಡುವುದಿಲ್ಲ. ಕೋನಮಾಪಕದ ನೇರ ಅಂಚಿನ ನಡುವಿನ ತೂತಿಗೆ ದಾರ ಕಟ್ಟಿ, ಕೆಳಗೆ ಕಲ್ಲು ನೇತುಬಿಡಿ. ನಿಮ್ಮಷ್ಟೇ ಎತ್ತರದ ಒಬ್ಬರನ್ನು ಗುಡ್ಡದ ಮೇಲೆ ನಿಲ್ಲಿಸಿ. ನೇರ ಅಂಚು ಮೇಲೆ, ಅರ್ಧವೃತ್ತ ಕೆಳಗೆ ಇರುವಂತೆ ಹಿಡಿದು, ಅಂಚಿನ ಮೇಲಿಂದ ಅವರ ಕಣ್ಣಿಗೆ ಗುರಿ ಇಡಿ. ಸಮತಟ್ಟಾದ ಕಣದಲ್ಲಿ ದಾರ 90ರ ಮೇಲೆ ನಿಲ್ಲುತ್ತದೆ. ಇಳಿಜಾರಿನಲ್ಲಿ ಅದು 90 ಬಿಟ್ಟು ಎಷ್ಟು ಸರಿಯುತ್ತದೋ, ಅಷ್ಟು ಡಿಗ್ರಿ ನಿಮ್ಮ ಇಳಿಜಾರು. ದಾರ 62ರಲ್ಲಿ ನಿಂತರೆ ಇಳಿಜಾರು 28 ಡಿಗ್ರಿ.

ವರದಿಯಲ್ಲಿ ಇದೇ ಅಳತೆ ಮೂರು ವೇಷದಲ್ಲಿ ಬರುತ್ತದೆ. ಡಿಗ್ರಿ, ಶೇಕಡಾ, ಅನುಪಾತ. 45 ಡಿಗ್ರಿ ಅಂದರೆ 100 ಶೇಕಡಾ, ಅಂದರೆ ಒಂದಕ್ಕೆ ಒಂದು. ‘ನೂರು ಪರ್ಸೆಂಟ್ ಇಳಿಜಾರು’ ಎಂದರೆ ನೇರ ಗೋಡೆ ಎಂದುಕೊಳ್ಳುವವರಿದ್ದಾರೆ. ಅಲ್ಲ. ಒಂದು ಅಡಿ ಅಡ್ಡಕ್ಕೆ ಹೋದರೆ ಒಂದು ಅಡಿ ಏರುತ್ತದೆ, ಅಷ್ಟೇ. 30 ಡಿಗ್ರಿ ಸುಮಾರು 58 ಶೇಕಡಾ. ಒಂದು ಅಡಿ ಏರಲು ಒಂದೂವರೆ ಅಡಿ ಅಡ್ಡ ಬಿಟ್ಟರೆ ಸುಮಾರು 34 ಡಿಗ್ರಿ. ಅನುಪಾತ ಕಂಡಾಗ ಮಾತ್ರ ಸುಮ್ನೆ ತಲೆಯಾಡಿಸಬೇಡಿ. ಏರು ಯಾವುದು, ಅಡ್ಡ ಯಾವುದು ಎಂದು ಕೇಳಿ. ಕೆಲವರು ಏರನ್ನು ಮೊದಲು ಬರೆಯುತ್ತಾರೆ, ಕೆಲವರು ಅಡ್ಡವನ್ನು. ತಿರುವುಮುರುವಾದರೆ 2:1 ಎನ್ನುವುದು 27 ಡಿಗ್ರಿಯ ಬದಲು 63 ಡಿಗ್ರಿ ಆಗಿಬಿಡುತ್ತದೆ.

ಹೆಜ್ಜೆ 3: ಬರೆಯ ಮುಖ ನೋಡಿ

ಹಳೆಯ ಬರೆ ಒಂದರ ಎದುರು ನಿಂತು ಮೇಲಿಂದ ಕೆಳಕ್ಕೆ ನೋಡಿ. ಮೊದಲು ಕಪ್ಪು ಮೇಲ್ಮಣ್ಣು, ಕಾಫಿ ಬೇರು, ಕೊಳೆತ ಎಲೆ. ಅದರ ಕೆಳಗೆ ಕೆಂಪು ಅಥವಾ ಹಳದಿ ಮಣ್ಣು. ಅದರ ಕೆಳಗಿನದ್ದು ಮಜಾ ಇದೆ. ನೋಡಲು ಕಲ್ಲಿನ ಹಾಗೆ ಗೆರೆ ಗೆರೆ, ಬಿಳಿ, ಗುಲಾಬಿ, ಹಳದಿ ಪಟ್ಟೆ. ಉಗುರಿನಲ್ಲಿ ಕೆರೆದರೆ ಪುಡಿ. ಇದು ಕೊಳೆತ ಕಲ್ಲು. ಭೂವಿಜ್ಞಾನಿಗಳು ‘ಸಾಪ್ರೊಲೈಟ್’ ಎನ್ನುತ್ತಾರೆ. ಕಲ್ಲಿನ ರೂಪ ಉಳಿದಿದೆ, ಶಕ್ತಿ ಹೋಗಿದೆ. ಗಟ್ಟಿ ಬಂಡೆಯ ಮೇಲಿರುವ ಎಲ್ಲ ಸಡಿಲ ಪದರವನ್ನೂ ಸೇರಿಸಿ ‘ರೆಗೊಲಿತ್’ ಎಂದು ಬರೆಯುತ್ತಾರೆ.

ಕೊಡಗಿನ ಬಂಡೆ ಹೆಚ್ಚಾಗಿ ನೈಸ್ ಮತ್ತು ಚಾರ್ನೊಕೈಟ್. ನಾವು ಕಗ್ಗಲ್ಲು ಎನ್ನುವ, ಸೈಜುಕಲ್ಲು ಹೊಡೆಯುವ, ಕ್ರಷರಿಗೆ ಹಾಕುವ ಕಲ್ಲು ಇದೇ. ಇದರ ಬಹುಪಾಲು 300 ಕೋಟಿ ವರ್ಷಕ್ಕೂ ಹಳೆಯದು. ಅಷ್ಟು ಹಳೆಯ ಕಲ್ಲು, ಅದರ ಮೇಲೆ ಇಷ್ಟು ಮಳೆ. ಕಲ್ಲಿನೊಳಗಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ನೀರಿನ ಜೊತೆ ಸೇರಿ ನಿಧಾನಕ್ಕೆ ಬಿಳಿ ಜೇಡಿಯಾಗುತ್ತದೆ. ಘಟ್ಟದ ಕೆಳಗಿನವರು ಶೇಡಿ ಎನ್ನುವುದೂ ಇಂಥದ್ದೇ ಮಣ್ಣನ್ನು. ಒಣಗಿದಾಗ ಗುದ್ದಲಿಗೂ ಜಗ್ಗುವುದಿಲ್ಲ, ನೆನೆದರೆ ಬೆಣ್ಣೆ. ನನ್ನ ಆಪರೇಟರ್ ಮೋಸ ಹೋದದ್ದು ಇಲ್ಲೇ.

ಕಲ್ಲು ಎಷ್ಟು ಕೊಳೆತಿದೆ ಎನ್ನುವುದಕ್ಕೆ ಆರು ದರ್ಜೆಗಳಿವೆ. ಒಂದು ಅಂದರೆ ತಾಜಾ ಬಂಡೆ, ಆರು ಅಂದರೆ ಪೂರ್ತಿ ಮಣ್ಣು. ಸುತ್ತಿಗೆಯಲ್ಲಿ ಹೊಡೆಯಿರಿ. ಟಣ್ ಎಂದರೆ ಒಂದು ಅಥವಾ ಎರಡು. ದಬ್ ಎಂದರೆ ಮೂರರ ಸುತ್ತ. ಕೈಯಲ್ಲೇ ಮುರಿದರೆ ನಾಲ್ಕು ಅಥವಾ ಐದು. ನಡುವೆ ಎಲ್ಲೋ ಈರುಳ್ಳಿಯ ಹಾಗೆ ಸಿಪ್ಪೆ ಬಿಟ್ಟ ದುಂಡು ಬಂಡೆ ಸಿಗುತ್ತದೆ. ಅದು ‘ಕೋರ್ ಸ್ಟೋನ್’. ಸುತ್ತಲಿನ ಮಣ್ಣು ತೊಳೆದುಹೋದರೆ ಉರುಳುವುದು ಇದೇ. ಇಂಥದ್ದನ್ನು ಕಂಡು ‘ಕೆಳಗೆ ಬಂಡೆ ಸಿಕ್ಕಿತು, ಇನ್ನು ಭಯ ಇಲ್ಲ’ ಎಂದು ಅಡಿಪಾಯ ಹಾಕಿದವರನ್ನು ನಾನು ನೋಡಿದ್ದೇನೆ. ಅದು ನೆಲದ ಬಂಡೆ ಅಲ್ಲ, ಮಣ್ಣಿನಲ್ಲಿ ತೇಲುತ್ತಿರುವ ಕಲ್ಲು.

ಮಣ್ಣಿನ ಪರೀಕ್ಷೆಗೆ ಬಾಟಲಿ ಸಾಕು. ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚೆನ್ನಾಗಿ ಕುಲುಕಿ ಇಡಿ. ಒಂದೆರಡು ನಿಮಿಷದಲ್ಲಿ ಮರಳು ತಳ ಸೇರುತ್ತದೆ. ಒಂದೆರಡು ಗಂಟೆಯಲ್ಲಿ ಅದರ ಮೇಲೆ ನಯವಾದ ಹೂಳು ಕೂರುತ್ತದೆ. ಜೇಡಿ ಕೂರಲು ಒಂದು ದಿನವಾದರೂ ಬೇಕು. ಪದರಗಳನ್ನು ಸ್ಕೇಲಿನಲ್ಲಿ ಅಳೆದು ಬರೆದಿಡಿ.

ಹೆಜ್ಜೆ 4: ಕಲ್ಲಿನ ವಾಲಿಕೆ ತಿಳಿಯಿರಿ

ವರದಿಯಲ್ಲಿ ಡಿಪ್, ಸ್ಟ್ರೈಕ್, ಜಾಯಿಂಟ್ ಎಂದು ಮೂರು ಪದ ಬಂದೇ ಬರುತ್ತವೆ. ಹೆದರಬೇಡಿ. ಬರೆಯಲ್ಲಿ ಹೊರಚಾಚಿದ ಒಂದು ಚಪ್ಪಟೆ ಕಲ್ಲಿನ ಪದರದ ಮೇಲೆ ಸ್ವಲ್ಪ ನೀರು ಹೊಯ್ಯಿರಿ. ನೀರು ಇಳಿದು ಹೋದ ದಿಕ್ಕು ಡಿಪ್. ಅದಕ್ಕೆ ಅಡ್ಡಲಾಗಿ, ಪದರದ ಮೇಲೆ ಎಳೆದ ಸಮತಟ್ಟು ಗೆರೆ ಸ್ಟ್ರೈಕ್. ಕಲ್ಲಿನಲ್ಲಿ ಕಾಣುವ ಬಿರುಕುಗಳು ಜಾಯಿಂಟ್.

ಯಾಕೆ ಬೇಕು ಇದು? ಮಾಡಿನ ಹೆಂಚು ನೆನಪಿಸಿಕೊಳ್ಳಿ. ಹೆಂಚು ಮಾಡು ವಾಲಿದ ಕಡೆಗೇ ವಾಲಿರುತ್ತದೆ. ಕೆಳಗಿನ ಸಾಲು ಕಿತ್ತರೆ ಮೇಲಿನ ಸಾಲು ಜಾರುತ್ತದೆ. ಗುಡ್ಡದೊಳಗಿನ ಕಲ್ಲಿನ ಪದರವೂ ಗುಡ್ಡ ಇಳಿದ ಕಡೆಗೇ ವಾಲಿದ್ದರೆ, ನೀವು ಬುಡ ಕಡಿದಾಗ ಆಗುವುದು ಅದೇ. ಪದರ ಗುಡ್ಡದ ಒಳಕ್ಕೆ ವಾಲಿದ್ದರೆ ಈ ಒಂದು ಭಯ ಕಡಿಮೆ. ಒಂದೇ ಗುಡ್ಡದ ಪೂರ್ವದ ಮಗ್ಗುಲು ಗಟ್ಟಿ, ಪಶ್ಚಿಮದ ಮಗ್ಗುಲು ಪುಸಕ್ ಎನ್ನುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಹೆಜ್ಜೆ 5: ನೀರಿನ ಲೆಕ್ಕ

ನನ್ನ ಪ್ರಕಾರ ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬಾರದು.

ನಾವು ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತೇವೆ. ‘ನಿನ್ನೆ ಮೂರು ಇಂಚು ಇಪ್ಪತ್ತು ಸೆಂಟ್’ ಎಂದು. ನೂರು ಸೆಂಟಿಗೆ ಒಂದು ಇಂಚು. (ನೂರು ಸೆಂಟಿಗೆ ಒಂದು ಎಕರೆಯೂ ಹೌದು. ಹೊರಗಿನಿಂದ ಬಂದವರ ಮುಂದೆ ಎರಡನ್ನೂ ಒಟ್ಟಿಗೆ ಮಾತಾಡಿದರೆ ಅವರ ಮುಖ ನೋಡಬೇಕು.) ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಹೇಳುತ್ತದೆ. ಒಂದು ಇಂಚು 25.4 ಮಿ.ಮೀ. ಇಲಾಖೆಯ ಭಾಷೆಯಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ‘ಭಾರಿ ಮಳೆ’. ನಮ್ಮ ಎರಡೂವರೆ ಇಂಚು. 115.6 ದಾಟಿದರೆ ‘ಅತಿ ಭಾರಿ’, ನಾಲ್ಕೂವರೆ ಇಂಚು. 204.5 ದಾಟಿದರೆ ‘ಅತ್ಯಂತ ಭಾರಿ’, ಎಂಟು ಇಂಚು. ಇದನ್ನು ಮಳೆಮಾಪಕದ ಪಕ್ಕದ ಗೋಡೆ ಮೇಲೆ ಬರೆದಿಡಿ.

ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಹತ್ತು. ನಾಲ್ಕು ಇಂಚು ಬಿದ್ದ ದಿನ ನಿಮ್ಮ ಒಂದು ಎಕರೆ ಗುಡ್ಡದ ಮೇಲೆ ನಲವತ್ತು ಟ್ಯಾಂಕರ್ ಖಾಲಿ ಮಾಡಿದ ಹಾಗೆ. ಸ್ವಲ್ಪ ಹರಿದು ಹೋಗುತ್ತದೆ, ಉಳಿದದ್ದು ಒಳಗೆ ಇಳಿಯುತ್ತದೆ. ಮಣ್ಣಿನ ಕಣಗಳ ನಡುವಿನ ಸಂದುಗಳೆಲ್ಲ ತುಂಬಿದಾಗ ‘ಸ್ಯಾಚುರೇಟೆಡ್’ ಎನ್ನುತ್ತಾರೆ. ಅದರ ಮೇಲೆಯೂ ನೀರು ಇಳಿದರೆ, ಸಂದಿನ ನೀರು ಕಣಗಳನ್ನು ಒಂದರಿಂದ ಒಂದನ್ನು ದೂಡಲು ಶುರುಮಾಡುತ್ತದೆ. ಆ ದೂಡುವಿಕೆಯೇ ‘ಪೋರ್ ಪ್ರೆಶರ್’. ಆಗ ಮಣ್ಣಿನ ಹಿಡಿತ ಬಿಡುತ್ತದೆ. ಭಾರ ಜಾಸ್ತಿ, ಹಿಡಿತ ಕಡಿಮೆ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡಗಳು ಇಳಿದದ್ದು ಮೊದಲ ಮಳೆಗೆ ಅಲ್ಲ. ಜೂನಿನಿಂದ ನೆನೆದೇ ಇದ್ದ ನೆಲದ ಮೇಲೆ ಮತ್ತೆ ದಿನಗಟ್ಟಲೆ ಹೊಯ್ದಾಗ. ಹಿಂದಿನ ದಿನಗಳ ಈ ಮಳೆಗೆ ‘ಆಂಟಿಸಿಡೆಂಟ್ ರೈನ್‌ಫಾಲ್’ ಎಂದು ಹೆಸರು. ಹಾಗಾಗಿ ಇವತ್ತಿನ ಇಂಚು ಮಾತ್ರ ನೋಡಬೇಡಿ. ನೋಟ್‌ಬುಕ್‌ನಲ್ಲಿ ಹಿಂದಿನ ಮೂರು ದಿನದ ಮೊತ್ತ, ಹದಿನೈದು ದಿನದ ಮೊತ್ತಕ್ಕೆ ಒಂದೊಂದು ಕಾಲಂ ಹಾಕಿ. ತೋಟದವರ ಹಳೆ ಡೈರಿಗಳಲ್ಲಿ ದಿನದ ಮಳೆ ಇದ್ದೇ ಇರುತ್ತದೆ, ಕೂಡುವ ಕೆಲಸ ಮಾತ್ರ ಬಾಕಿ.

ಇನ್ನು ಇಂಗುಗುಂಡಿ. ಎಲ್ಲ ಕಡೆ ತೋಡಿ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹದವಾದ ಇಳಿಜಾರಿನಲ್ಲಿ ಕಾಫಿ ಸಾಲಿನ ನಡುವೆ ತೊಟ್ಟಿಲು ಗುಂಡಿ ತೆಗೆಯುವುದು ಒಳ್ಳೆಯದೇ, ಮೇಲ್ಮಣ್ಣು ಉಳಿಯುತ್ತದೆ. ಆದರೆ ಮನೆ ಹಿಂದಿನ ಬರೆಯ ನೆತ್ತಿಯಲ್ಲಿ ನೀರು ನಿಲ್ಲಿಸುವುದು, ಕುಸಿಯುವ ಗುಡ್ಡಕ್ಕೆ ಕೈಯಾರೆ ನೀರು ಕುಡಿಸಿದ ಹಾಗೆ. ಅಲ್ಲಿ ನೀರು ಹಿಡಿಯಬಾರದು, ಬದಿಗೆ ಸಾಗಿಸಬೇಕು.

ಹೆಜ್ಜೆ 6: ಗುಡ್ಡ ಮೊದಲೇ ಹೇಳುವ ಗುರುತುಗಳು

ಕುಸಿದ ಜಾಗದ ಮೇಲಿನ ಅಂಚಿಗೆ ವರದಿಯಲ್ಲಿ ‘ಕ್ರೌನ್’, ಹರಿದು ನಿಂತ ಕಡಿದಾದ ಮುಖಕ್ಕೆ ‘ಸ್ಕಾರ್ಪ್’, ಕೆಳಗಿನ ತುದಿಗೆ ‘ಟೋ’. ನೆತ್ತಿ, ಸೀಳು, ಬುಡ ಎಂದುಕೊಳ್ಳಿ. ನೆತ್ತಿಯ ಹಿಂದೆ ಬಿಡುವ ಬಿರುಕು ‘ಟೆನ್ಷನ್ ಕ್ರ್ಯಾಕ್’. ಇದು ಕಂಡರೆ ಹಗುರಾಗಿ ತೆಗೆದುಕೊಳ್ಳಬೇಡಿ. ಬಿರುಕಿನ ಆಚೆ ಈಚೆ ಒಂದೊಂದು ಗೂಟ ಹೊಡೆದು, ತಲೆಗೆ ಮೊಳೆ ಇಟ್ಟು, ಮೊಳೆಯಿಂದ ಮೊಳೆಗೆ ಅಳತೆ ಬರೆದಿಡಿ. ಮಳೆಗಾಲದಲ್ಲಿ ದಿನಾ ಅಳೆಯಿರಿ. ಅಂತರ ಬೆಳೆಯುತ್ತಿದ್ದರೆ ಗುಡ್ಡ ನಡೆಯುತ್ತಿದೆ ಎಂದೇ ಅರ್ಥ. ಬಿರುಕಿಗೆ ಜೇಡಿಮಣ್ಣು ತುಂಬಿ ಮೇಲೆ ಟಾರ್ಪಾಲ್ ಹಾಕುವುದು ಒಳಗೆ ನೀರು ಇಳಿಯದಿರಲಿ ಎಂದು. ಅದು ಆ ಹೊತ್ತಿನ ಕೆಲಸ, ಮದ್ದಲ್ಲ.

ಬುಡದಲ್ಲಿ ಬಾಗಿ, ಮೇಲೆ ನೆಟ್ಟಗಾದ ಮರಗಳ ಸಾಲು ಕಂಡರೆ ಅಲ್ಲಿ ಮಣ್ಣು ವರ್ಷಗಳಿಂದ ಮೆಲ್ಲಗೆ ತೆವಳುತ್ತಿರಬಹುದು. ಇದು ‘ಕ್ರೀಪ್’. ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು, ಕಣದ ಸಿಮೆಂಟಿನಲ್ಲಿ ಹೊಸ ಗೆರೆ, ಯಾವಾಗಲೂ ತಿಳಿಯಾಗಿ ಬರುತ್ತಿದ್ದ ಒರತೆ ಕೆಂಪಾಗುವುದು, ಅಥವಾ ಇಲ್ಲದ ಕಡೆ ಹೊಸ ಒರತೆ ಏಳುವುದು. ಲೈನ್ ಮನೆಯವರನ್ನು, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕೆಲಸದವರನ್ನು, ಕೇಳಿ. ಬಟ್ಟೆ ಒಗೆಯುವ ನೀರು ಯಾವಾಗ ಬಣ್ಣ ತಿರುಗಿತು ಎಂದು ಅವರಿಗೆ ನಮಗಿಂತ ಮೊದಲು ಗೊತ್ತಿರುತ್ತದೆ.

ಹೆಜ್ಜೆ 7: ಕಡಿಯಲೇಬೇಕು ಎಂದಾದರೆ

ಸಾಧ್ಯವಾದರೆ ಬೇಡ. ಮನೆಯನ್ನೇ ಎರಡು ಮಟ್ಟದಲ್ಲಿ ಕಟ್ಟಿ. ಕಡಿಯುವುದೇ ಆದರೆ ಜಾಗ ಪರಿವರ್ತನೆ ಮತ್ತು ಅನುಮತಿ ಮೊದಲು. ತೆಗೆದ ಮಣ್ಣು ಹೊರಗೆ ಸಾಗಿಸುವುದಿದ್ದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ವಿಚಾರಿಸಿ. ತುಂಬಿಸಲು ಬಳಸುವ ಸಾದಾ ಮಣ್ಣೂ ಕಾನೂನಿನ ಕಣ್ಣಲ್ಲಿ ಕಲ್ಲು, ಮರಳಿನ ಹಾಗೆ ಉಪಖನಿಜವೇ. ಕೆಲಸ ಡಿಸೆಂಬರಿನಿಂದ ಏಪ್ರಿಲ್ ಒಳಗೆ ಮುಗಿಯಬೇಕು.

ಕ್ರಮ ಹೀಗಿರಲಿ. ಮೊದಲು ನೆತ್ತಿಯ ಮೇಲೆ ಅಡ್ಡ ಚರಂಡಿ, ಸಿಮೆಂಟ್ ಅಥವಾ ಕಲ್ಲು ಹಾಸಿದ್ದು, ಬದಿಯ ಕೊಲ್ಲಿಗೆ ಸೇರುವಂತೆ. ಆಮೇಲೆ ಮೇಲಿಂದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಡಿತ. ಈ ಮೆಟ್ಟಿಲಿಗೆ ‘ಬೆಂಚ್’ ಎನ್ನುತ್ತಾರೆ. ಜೆಸಿಬಿಯವರಿಗೆ ಬುಡದಿಂದ ಕೊರೆಯುವುದು ಸುಲಭ, ಗಂಟೆ ಲೆಕ್ಕ ಕಡಿಮೆ. ಅದಕ್ಕೇ ಹತ್ತಿರ ನಿಂತಿರಬೇಕು. ತೆಗೆದ ಮಣ್ಣನ್ನು ಇಳಿಜಾರಿಗೆ ದೂಡಲು ಬಿಡಬೇಡಿ. ಸಡಿಲ ಮಣ್ಣು ತಾನಾಗಿ ನಿಲ್ಲುವ ಕೋನಕ್ಕೆ ‘ಆಂಗಲ್ ಆಫ್ ರಿಪೋಸ್’ ಎನ್ನುತ್ತಾರೆ. ಕಾಫಿ ರಾಶಿ ಹಾಕಿದಾಗ ಬದಿ ಒಂದು ಓರೆಗೆ ಬಂದು ನಿಲ್ಲುತ್ತದಲ್ವಾ, ಅದೇ. ಒಣಗಿದಾಗ ನಿಂತ ಆ ಓರೆ ಮಳೆಗೆ ನಿಲ್ಲುವುದಿಲ್ಲ. ಕೊಲ್ಲಿಗೆ ದೂಡಿದರಂತೂ ಮುಗಿಯಿತು, ನೀರು ಕಟ್ಟಿ ಒಂದು ದಿನ ಕೆಸರಾಗಿ ಒಟ್ಟಿಗೆ ಇಳಿಯುತ್ತದೆ.

ತಡೆಗೋಡೆಗೆ ಲಕ್ಷಗಟ್ಟಲೆ ಸುರಿದು, ನೀರು ಹೊರಬರಲು ಪೈಪ್ ಇಡುವುದನ್ನು ಮರೆಯುವವರಿದ್ದಾರೆ. ಆ ತೂತಿಗೆ ‘ವೀಪ್ ಹೋಲ್’ ಎಂದು ಹೆಸರು. ಗೋಡೆಯ ಹಿಂದೆ ಜಲ್ಲಿ ತುಂಬಿ, ಮಳೆಗಾಲದಲ್ಲಿ ತೂತುಗಳಿಂದ ನೀರು ಬರುತ್ತಿದೆಯೇ ನೋಡಿ. ಬಾರದಿದ್ದರೆ ಸಂತೋಷಪಡಬೇಡಿ, ಅದು ಗೋಡೆಯ ಹಿಂದೆ ನಿಂತಿದೆ. ತಂತಿ ಬಲೆಯಲ್ಲಿ ಕಲ್ಲು ತುಂಬಿದ ಗ್ಯಾಬಿಯನ್ ಗೋಡೆ ನನಗೆ ಇಷ್ಟ. ನೀರು ಬಿಡುತ್ತದೆ, ಸ್ವಲ್ಪ ಬಾಗಿದರೂ ಒಡೆಯುವುದಿಲ್ಲ. ಬೆಂಚುಗಳ ಮೇಲೆ ಲಾವಂಚ ನೆಡಿ, ಬೇರು ನೇರ ಆಳಕ್ಕೆ ಇಳಿಯುತ್ತದೆ. ಆದರೆ ನನ್ನ ಹಲಸಿನ ಮರ ನೆನಪಿರಲಿ. ಬೇರು ತನ್ನ ಆಳದವರೆಗೆ ಮಾತ್ರ ಹಿಡಿಯುತ್ತದೆ.

ಹೆಜ್ಜೆ 8: ಪಕ್ಕದಲ್ಲಿ ಕಲ್ಲುಕೋರೆ ಬಂದರೆ

ಕಟ್ಟಡದ ಕಲ್ಲು, ಮರಳು, ಜಲ್ಲಿ ಇವೆಲ್ಲ ‘ಉಪಖನಿಜ’. ರಾಜ್ಯದ 1994ರ ಉಪಖನಿಜ ರಿಯಾಯಿತಿ ನಿಯಮಗಳ ಕೆಳಗೆ ಬರುತ್ತವೆ. ಸರ್ಕಾರಕ್ಕೆ ಕಟ್ಟುವ ಹಣ ‘ರಾಜಧನ’. ಕಲ್ಲಿನ ಮೇಲಿಂದ ತೆಗೆದು ಬದಿಗೆ ಹಾಕುವ ಮಣ್ಣು ‘ಓವರ್‌ಬರ್ಡನ್’, ನಮ್ಮ ಊರಿನಲ್ಲಿ ಕಲ್ಲಿಗಿಂತ ಜಾಸ್ತಿ ತೊಂದರೆ ಕೊಡುವುದು ಇದೇ. ಗುತ್ತಿಗೆ ಐದು ಹೆಕ್ಟೇರಿಗಿಂತ ಸಣ್ಣದಿದ್ದರೂ ಪರಿಸರ ಅನುಮತಿ ಬೇಕು ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಹಾಗಾಗಿ ‘ಸಣ್ಣ ಕೋರೆ, ಪೇಪರ್ ಬೇಡ’ ಎಂದರೆ ನಂಬಬೇಡಿ. ಗುತ್ತಿಗೆ ನಕ್ಷೆ, ಪರಿಸರ ಅನುಮತಿ, ಮುಚ್ಚುವ ಯೋಜನೆ, ಈ ಮೂರನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಸಿಡಿತದ ಕಂಪನವನ್ನು ಸೆಕೆಂಡಿಗೆ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ದೂರು ಕೊಡುವ ಮೊದಲೇ ಗೋಡೆಯ ಬಿರುಕುಗಳ ಫೋಟೊ ತಾರೀಖು ಸಮೇತ ತೆಗೆದಿಟ್ಟರೆ, ಹಳೆಯದು ಯಾವುದು ಹೊಸದು ಯಾವುದು ಎಂಬ ವಾದವೇ ಬರುವುದಿಲ್ಲ.

ಹೆಜ್ಜೆ 9: ನಕ್ಷೆಯ ಬಣ್ಣ ನೋಡಿ ಬೀಗಬೇಡಿ, ಹೆದರಲೂಬೇಡಿ

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕುಸಿತ ನಕ್ಷೆಗಳನ್ನು ‘ಭೂಕೋಶ್’ ಪೋರ್ಟಲಿನಲ್ಲಿ ನೋಡಬಹುದು. ಅಳತೆ 1:50,000. ಅಂದರೆ ನಕ್ಷೆಯ ಒಂದು ಮಿಲಿಮೀಟರ್ ನೆಲದ ಮೇಲೆ 50 ಮೀಟರ್. ನಿಮ್ಮ ಮನೆ, ಕಣ, ಹಿಂದಿನ ಬರೆ ಎಲ್ಲ ಸೇರಿ ಒಂದು ಪೆನ್ಸಿಲ್ ಚುಕ್ಕಿ. ಕುಸಿಯುವ ಗುಣ ಕಡಿಮೆ ಎಂದು ತೋರಿಸುವ ಹಸಿರು ಬಣ್ಣದೊಳಗೂ ನೀವು ನೇರ ಕಡಿದ ಬರೆ ಕುಸಿಯಬಹುದು.

ಆ ನಕ್ಷೆ ಹೇಳುವುದು ‘ಸಸೆಪ್ಟಿಬಿಲಿಟಿ’, ಅಂದರೆ ಎಲ್ಲಿ ಕುಸಿಯುವ ಗುಣ ಇದೆ ಎಂದು. ಯಾವಾಗ, ಎಷ್ಟು ದೊಡ್ಡದು ಎಂಬುದೂ ಸೇರಿದರೆ ‘ಹಝಾರ್ಡ್’. ಅದರ ದಾರಿಯಲ್ಲಿ ಯಾರಿದ್ದಾರೆ ಎಂಬುದು ಸೇರಿದರೆ ‘ರಿಸ್ಕ್’. ಯಾರೂ ಇಲ್ಲದ ಬಾಣೆಯಲ್ಲಿ ಗುಡ್ಡ ಜಾರಿದರೆ ಮೊದಲಿನವೆರಡೂ ಜಾಸ್ತಿ, ಮೂರನೆಯದು ಕಡಿಮೆ. ಅದೇ ಬಾಣೆಯ ಕೆಳಗೆ ಲೈನ್ ಮನೆ ಕಟ್ಟಿಸಿದ ದಿನ, ಗುಡ್ಡ ಒಂದಿಂಚೂ ಅಲುಗದೆ ರಿಸ್ಕ್ ಏರಿತು.

ಮಳೆ ರಾತ್ರಿ

ಜಿಲ್ಲಾ ಕಂಟ್ರೋಲ್ ರೂಮಿನ ನಂಬರ್ 1077. ಮಕ್ಕಳಿಗೂ ಬಾಯಿಪಾಠ ಇರಲಿ. ಬರೆಯ ಪಕ್ಕದ ಕೋಣೆಯಲ್ಲಿ ಮಲಗಬೇಡಿ. ಜೋರು ಮಳೆ ಇರುವಾಗಲೇ ಕೊಲ್ಲಿಯ ನೀರು ಇದ್ದಕ್ಕಿದ್ದಂತೆ ಕಡಿಮೆಯಾದರೆ, ಮೇಲೆ ಎಲ್ಲೋ ಮಣ್ಣು ಬಿದ್ದು ನೀರು ಕಟ್ಟಿರಬಹುದು. ಆಗ ಟಾರ್ಚ್ ಹಿಡಿದು ನೋಡಲು ಹೋಗಬೇಡಿ. ದಾರಿ ಸುಲಭ ಎಂದು ಕೊಲ್ಲಿಗುಂಟ ಕೆಳಗೂ ಓಡಬೇಡಿ, ಬರುವುದು ಅದೇ ದಾರಿಯಲ್ಲಿ. ಅಡ್ಡಕ್ಕೆ ಹೋಗಿ, ಪಕ್ಕದ ದಿಬ್ಬಕ್ಕೆ ಹತ್ತಿ. ಆ ದಿಬ್ಬ ಯಾವುದು, ಅಲ್ಲಿಗೆ ಹೋಗುವ ಕಾಲುದಾರಿಯ ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ ಎನ್ನುವುದನ್ನು ಮೇ ತಿಂಗಳಲ್ಲೇ ಕೇಳಿಟ್ಟುಕೊಳ್ಳಿ.